ಸಂಸಾರಸ್ಥರಿಗೊಂದು ಹಾಯಿದೋಣಿ

ಹಾಯಿದೋಣಿ ಎಂದೊಡನೆ ನಮ್ಮ ಪಟ್ಟಣಿಗರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ: ಬೆಳ್ಳಗಿನ ನೌಕೆ, ಅದರ ಮೇಲೆ ಬೆಳ್ಳಗಿನ ಉಡುಪು ಧರಿಸಿದ ಶ್ರೀಮಂತರು, ಸುತ್ತಲೂ ನೀಲಿಯ ಕಡಲು. ಮನೆಯ ಬಾಡಿಗೆಯನ್ನೂ ಮಕ್ಕಳ ಶಾಲೆಯ ಶುಲ್ಕವನ್ನೂ ತೆತ್ತು, ಉಳಿದುದರಲ್ಲಿ ತಿಂಗಳು ತಳ್ಳುವ ಸಂಬಳಗಾರರಿಗೂ ಆ ವಿನೋದಕ್ಕೂ ನಂಟಿರಬಹುದೆಂದು ಯಾರೂ ಎಣಿಸುವುದಿಲ್ಲ. ಅದರಲ್ಲಿಯೂ ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಕುಳಿತು ಹಾಯಿಯ ಮಾತೆತ್ತಿದರೆ ಕೇಳಿದವರು ನಗುವುದು ಸಹಜ. ನಾವೂ ಹಾಗೆಯೇ ನಗುತ್ತಿದ್ದವರು. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಾಹಸದಿಂದ ಆ ನಗೆ ಅಡಗಿತು. ಆ ಸಾಹಸದ ವಿಚಾರವಾಗಿ ಈ ಸಂಜೆ ನಾಲ್ಕು ಮಾತು.

ನಮ್ಮ ವಾಸ ಮಲ್ಲತ್ತಹಳ್ಳಿಯಲ್ಲಿ. ಜ್ಞಾನಭಾರತಿಯ ಮಗ್ಗುಲಲ್ಲಿರುವ ಈ ಊರು ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿ. ಈಗ ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ಒಂದು. ಹಳ್ಳಿ ಹೋದರೂ ಕೆರೆ ಉಳಿದಿದೆ. 70 ಎಕರೆಗೂ ಮಿಗಿಲಾದ ಕೆರೆ. ಸಂಜೆಯ ಹೊತ್ತು ಅದರ ದಂಡೆಯ ಮೇಲೆ ನಡೆಯುವುದು ನಮ್ಮ ಮನೆಮಂದಿಗೆಲ್ಲ ಅಭ್ಯಾಸ. ಒಮ್ಮೆ ಹಾಗೆ ನಡೆಯುತ್ತಿದ್ದಾಗ ಎಂಟು ವರ್ಷದ ನಮ್ಮ ಮಗ ನಿಂತು ಕೇಳಿದ: “ಅಪ್ಪಾ, ಕೆರೆ ಇರೋದು ಬರೀ ಸುತ್ತೋದಕ್ಕೇನಾ?” ಹಿಂದಿನವರಾದರೆ ಗದ್ದೆಗೆ ನೀರು, ದನಕ್ಕೆ ನೀರು, ಬಟ್ಟೆ ಒಗೆಯುವುದಕ್ಕೆ ನೀರು ಎಂದು ಉತ್ತರ ಕೊಡುತ್ತಿದ್ದರು. ನಮ್ಮ ಬಳಿ ಹೇಳುವುದಕ್ಕೆ ಏನೂ ಇರಲಿಲ್ಲ. ಅವನ ಪಾಲಿಗೆ ಕೆರೆ ಎಂದರೆ ಗೋಡೆಗೆ ತೂಗುಹಾಕಿದ ಚಿತ್ರಕ್ಕಿಂತ ಹೆಚ್ಚಿನದೇನೂ ಅಲ್ಲ.

ಇದಕ್ಕೆ ನಾವೂ ಹೊಣೆಯೇ. ನಮ್ಮ ಮನೆತನದಲ್ಲಿ ನೀರೆಂದರೆ ಭಯ. ನಮ್ಮ ತಾಯಿಯವರು ಎಂಟು ವರ್ಷದ ಹುಡುಗಿಯಾಗಿದ್ದಾಗ ಅವರ ಅಣ್ಣ ಊರ ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗೆ ಜಾರಿ ತೀರಿಕೊಂಡನಂತೆ. ಅಂದಿನಿಂದ ಅವರ ತೌರಿನಲ್ಲಿ ಯಾವ ಮಗುವನ್ನೂ ಕೆರೆಯ ಏರಿ ಹತ್ತಗೊಡಲಿಲ್ಲ. ನಾವು ನಾಲ್ಕು ಜನ ಮಕ್ಕಳಲ್ಲಿ ಒಬ್ಬರೂ ಈಜು ಕಲಿಯಲಿಲ್ಲ. ನೀರಿನಲ್ಲಿ ಮುಳುಗಿ ಹೋದವರ ಮನೆಯಲ್ಲಿ ಮಕ್ಕಳಿಗೆ ಈಜು ಕಲಿಸುವುದು ಬಿಟ್ಟು ನೀರಿನ ದಾರಿಯನ್ನೇ ಮುಚ್ಚುವುದು ನಮ್ಮ ಕಡೆ ಎಲ್ಲೆಲ್ಲಿಯೂ ಕಂಡುಬರುವ ಸಂಗತಿ. ಅದರ ಫಲವೇನೆಂದರೆ, ಮುಂದಿನ ತಲೆಮಾರಿನವರೂ ನೀರಿಗೆ ಬಿದ್ದ ಕ್ಷಣದಲ್ಲಿ ಕಲ್ಲಿನಂತೆ ತಳ ಸೇರುತ್ತಾರೆ. ಈ ಮಾತು ನಮಗೆ ಹೊಳೆದದ್ದು ನಲವತ್ತು ತುಂಬಿದ ಮೇಲೆ. ಆ ವಯಸ್ಸಿನಲ್ಲಿ, ಹತ್ತು ವರ್ಷದ ಹುಡುಗರ ನಡುವೆ, ಈಜುಕೊಳದ ಅಂಚನ್ನು ಹಿಡಿದು ಕಾಲು ಬಡಿಯುವುದನ್ನು ಕಲಿತೆವು. ಮಕ್ಕಳಿಬ್ಬರೂ ನಮ್ಮ ಜೊತೆಯಲ್ಲಿಯೇ ಕಲಿತರು. ನಮಗಿಂತ ಬೇಗನೆ ಕಲಿತರೆಂದು ಹೇಳಬೇಕಾಗಿಲ್ಲ.

ಈಜು ಬಂದ ಮೇಲೆ ದೋಣಿಯ ಯೋಚನೆ ಬಂತು. ಆಗ ಓದಿ ತಿಳಿದ ಸಂಗತಿಗಳು ನಮ್ಮನ್ನು ಬೆರಗುಗೊಳಿಸಿದುವು. 1947ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಮಕ್ಕಳಿಗೆ ಅಗ್ಗದ ದೋಣಿಯೊಂದು ಬೇಕೆಂದು ಅಲ್ಲಿನ ಸೇವಾಸಂಘದವರು ಬಯಸಿದರು. ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರನು ಪ್ಲೈವುಡ್ಡಿನ ಹಲಗೆಗಳಿಂದ ಮೂತಿ ಮೊಂಡಾದ, ಸ್ನಾನದ ತೊಟ್ಟಿಯನ್ನು ಹೋಲುವ ಒಂದು ಪುಟ್ಟ ದೋಣಿಯನ್ನು ರೂಪಿಸಿಕೊಟ್ಟನು. ಸಂಘದ ಹೆಸರೇ ದೋಣಿಗೂ ಬಂದು ಅದು ‘ಆಪ್ಟಿಮಿಸ್ಟ್’ ಎನ್ನಿಸಿಕೊಂಡಿತು. ಉದ್ದ 2.3 ಮೀಟರು, ತೂಕ 35 ಕಿಲೋ, ಒಂದೇ ಹಾಯಿ. ಇಂದು ಪ್ರಪಂಚದಲ್ಲಿ ಹಾಯಿ ನಡೆಸಲು ಕಲಿಯುವ ಮಕ್ಕಳಲ್ಲಿ ಬಹುಮಂದಿ ಆ ತೊಟ್ಟಿಯಲ್ಲಿ ಕುಳಿತೇ ಕಲಿಯುತ್ತಾರೆ. ಅದರ ಪಂದ್ಯಗಳಲ್ಲಿ 15 ವರ್ಷ ಮೀರಿದವರಿಗೆ ಪ್ರವೇಶವಿಲ್ಲ. ಅನಂತರ 1962ರಲ್ಲಿ ಇಂಗ್ಲೆಂಡಿನ ‘ಡೈಲಿ ಮಿರರ್’ ಪತ್ರಿಕೆಯವರು ಸಾಮಾನ್ಯರ ದೋಣಿಯೊಂದನ್ನು ಬಿಡಿಭಾಗಗಳ ರೂಪದಲ್ಲಿ ಮಾರಾಟಕ್ಕೆ ತಂದರು. ಬೆಲೆ 63 ಪೌಂಡು 11 ಷಿಲ್ಲಿಂಗು. ಅದನ್ನು ರೂಪಿಸಿದವರಲ್ಲಿ ಜ್ಯಾಕ್ ಹೋಲ್ಟ್ ಎಂಬಾತನು ದೋಣಿಶಿಲ್ಪಿ. ಬ್ಯಾರಿ ಬಕ್‌ನೆಲ್ ಎಂಬ ಇನ್ನೊಬ್ಬನು ದೂರದರ್ಶನದಲ್ಲಿ ಮನೆಯ ಮರಗೆಲಸವನ್ನು ಹೇಳಿಕೊಡುತ್ತಿದ್ದವನು. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಸಂದಿಯ ಮೇಲೆ ಗಾಜಿನ ನೂಲಿನ ಪಟ್ಟಿಯನ್ನು ಅಂಟಿಸಿದರೆ ದೋಣಿ ಸಿದ್ಧ. ಬಡಗಿಯ ವಿದ್ಯೆ ತಿಳಿಯದ ಗುಮಾಸ್ತರೂ ಉಪಾಧ್ಯಾಯರೂ ಮನೆಯಲ್ಲಿಯೇ ಇದನ್ನು ಕಟ್ಟಿದರು. ಅಂಥ ದೋಣಿಗಳು 70,000ಕ್ಕೂ ಹೆಚ್ಚು ಹುಟ್ಟಿದುವು. ಶ್ರೀಮಂತರ ವಿನೋದವು ಸಂಸಾರಸ್ಥರ ಕೈಗೆ ಬಂದದ್ದು ಹೀಗೆ.

ನಮ್ಮ ನಾಡಿಗೆ ಇದು ತೀರ ಹೊಸದೆಂದೂ ಹೇಳುವಂತಿಲ್ಲ. ಕರಾವಳಿಯ ಮಂಜಿಗಳು ಮಂಗಳೂರಿನ ಹಂಚನ್ನು ಹೇರಿಕೊಂಡು ಹಾಯಿಯ ಬಲದಿಂದಲೇ ಮುಂಬಯಿಗೆ ಹೋಗಿಬರುತ್ತಿದ್ದ ಕಾಲವೊಂದಿತ್ತು. ಒಳನಾಡಿನಲ್ಲಿ ಹಾಯಿ ಇರಲಿಲ್ಲ, ಹರಿಗೋಲಿತ್ತು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸರ ಡೊಮಿಂಗೊ ಪಾಯಸ್, ಬೆತ್ತದಿಂದ ಹೆಣೆದು ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ನದಿಯನ್ನು ದಾಟುವುದನ್ನೂ, ಬೇಕಾದಾಗ ಕುದುರೆ ಎತ್ತುಗಳನ್ನು ಸಹ ದಾಟಿಸುವುದನ್ನೂ ಬರೆದಿಟ್ಟಿದ್ದಾನೆ. ಬೆಂಗಳೂರಿನಲ್ಲಿಯೇ ಹಲಸೂರು ಕೆರೆಯ ಮೇಲೆ ಮದರಾಸು ಸ್ಯಾಪರ್ಸ್ ದಂಡಿನವರ ತೃಷ್ಣಾ ಸಂಘದ ಹಾಯಿಗಳು ಆಡುವುದನ್ನು ಆ ದಾರಿಯಲ್ಲಿ ಹೋಗುವವರು ಕಂಡಿರಬಹುದು. ‘ತೃಷ್ಣಾ’ ಎಂಬುದು ನಮ್ಮ ಸೈನ್ಯದ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಮಂಡಲವನ್ನು ಸುತ್ತಿಬಂದ ಹಾಯಿನೌಕೆಯ ಹೆಸರು. ಇನ್ನು ಭೋಪಾಲದ ಮಾತು. ಅಲ್ಲಿರುವುದೂ ಕಡಲಲ್ಲ, ರಾಜಾ ಭೋಜನು ಕಟ್ಟಿಸಿದನೆಂದು ಪ್ರತೀತಿಯಿರುವ ಒಂದು ಕೆರೆ. ಅಲ್ಲಿನ ಶಾಲೆಯಲ್ಲಿ ಹಾಯಿ ಕಲಿತ ನೇಹಾ ಠಾಕೂರ್, ದೇವಾಸ್ ಜಿಲ್ಲೆಯ ರೈತರೊಬ್ಬರ ಮಗಳು, 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾದ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಪಡೆದಳು. ನಮ್ಮ ಮಕ್ಕಳು ಪದಕ ತರಬೇಕೆಂಬ ಹಂಬಲ ನಮಗಿಲ್ಲ. ಕೆರೆಯಲ್ಲಿ ಹಾಯಿ ಏಳಬಲ್ಲದು ಎಂಬುದಷ್ಟೇ ನಮಗೆ ಬೇಕಾಗಿದ್ದ ಸಾಕ್ಷಿ.

2022ರ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ತಾರಸಿಯ ಮೇಲೆ ಕೆಲಸ ಆರಂಭವಾಯಿತು. ನಾವು ಆರಿಸಿಕೊಂಡದ್ದು ‘ಪಡಲ್ ಡಕ್’ ಎಂಬ ಮಾದರಿ. ಕೊಚ್ಚೆಗುಂಡಿಯ ಬಾತು ಎಂದು ಅದರ ಅರ್ಥ. ಅಮೆರಿಕದ ಹವ್ಯಾಸಿಗಳು ಈ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ತಂದ ಈ ದೋಣಿಯ ನಕ್ಷೆಗೆ ಕಾಸು ಕೊಡಬೇಕಾಗಿಲ್ಲ. ಎಂಟಡಿ ಉದ್ದ, ನಾಲ್ಕಡಿ ಅಗಲ. ಎಂದರೆ ಅಂಗಡಿಯಲ್ಲಿ ಸಿಕ್ಕುವ ಪ್ಲೈವುಡ್ಡಿನ ಹಾಳೆಯ ಅಳತೆಯೇ. ಆದುದರಿಂದ ಹಲಗೆಗೆ ಹಲಗೆ ಜೋಡಿಸುವ ಕಷ್ಟವಿಲ್ಲ. ನೋಡುವುದಕ್ಕೆ ಅದು ದೋಣಿಯಲ್ಲ, ತಳ ಬಾಗಿಸಿದ ಪೆಟ್ಟಿಗೆ. ನಮ್ಮ ತಾಯಿಯವರು ಅದನ್ನು ಕಂಡು, “ಇದೇನು, ಕಣಜವೇ?” ಎಂದು ಕೇಳಿದರು.

ಮೈಸೂರು ರಸ್ತೆಯ ಟಿಂಬರ್ ಯಾರ್ಡಿನ ಅಂಗಡಿಗಳಲ್ಲಿ ಐ.ಎಸ್. 710 ಎಂಬ ಮುದ್ರೆಯುಳ್ಳ ಆರು ಮಿಲಿಮೀಟರ್ ದಪ್ಪದ ಹಾಳೆಗಳನ್ನು ಕೊಂಡೆವು. ಕುದಿಯುವ ನೀರಿನಲ್ಲಿಯೂ ಪದರ ಬಿಡದ ಅಂಟಿನಿಂದ ಮಾಡಿದ ಹಲಗೆಗೆ ಆ ಮುದ್ರೆ. ಇದರಲ್ಲಿ ಮಾತ್ರ ಜಿಪುಣತನ ಸಲ್ಲದು. ಅಗ್ಗದ ಹಲಗೆ ಒಂದು ಮಳೆಗಾಲಕ್ಕೆ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತದೆ. ಅಂಚುಕಟ್ಟಿಗೆ ಸಿಲ್ವರ್ ಓಕ್ ಮರದ ರೀಪು, ಹಾಯಿಗಂಬಕ್ಕೆ ಹದಿನಾರಡಿಯ ಗಟ್ಟಿ ಬಿದಿರು, ಹಾಯಿಗೆ ರೈತರು ರಾಶಿಯ ಮೇಲೆ ಹೊದಿಸುವ ಟಾರ್ಪಾಲು. ದೋಣಿಯ ಎರಡು ಪಕ್ಕಗಳಲ್ಲಿಯೂ ಗಾಳಿ ಆಡದಂತೆ ಮುಚ್ಚಿದ ಗೂಡುಗಳಿರಬೇಕು. ದೋಣಿ ಮಗುಚಿದರೂ ಮುಳುಗದಿರುವುದು ಅವುಗಳಿಂದಲೇ. ಗೂಡಿಗೆ ಬಿರುಕು ಬಿಟ್ಟರೂ ಅಪಾಯವಿರಬಾರದೆಂದು ಮಕ್ಕಳು ಬೀದಿಯ ಮನೆಗಳಿಂದೆಲ್ಲ ಸೋಡಾದ ಖಾಲಿ ಸೀಸೆಗಳನ್ನು ಬೇಡಿ ತಂದು, ಬಿರಡೆ ಬಿಗಿದು, ಒಳಗೆ ತುಂಬಿದರು. ಎಪಾಕ್ಸಿ ಅಂಟನ್ನು ಕಲಸುವ ಕೆಲಸ ಮಾತ್ರ ಅವರಿಗಿಲ್ಲ. ಅದು ಕೈಗವಸು ತೊಟ್ಟ ದೊಡ್ಡವರದು. ಆ ದೊಡ್ಡವರು ಮಾಡಿದ ಘನಕಾರ್ಯವೆಂದರೆ, ಮೇ ತಿಂಗಳ ಮಟಮಟ ಮಧ್ಯಾಹ್ನ ಒಂದು ಡಬ್ಬಿಯ ತುಂಬ ಒಟ್ಟಿಗೇ ಕಲಸಿದ್ದು. ಅದು ನೋಡನೋಡುತ್ತಿದ್ದಂತೆ ಹೊಗೆಯಾಡಿ ಕಲ್ಲಾಯಿತು. ಆ ಕಲ್ಲನ್ನು ಮಗ ಈಗಲೂ ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆ. ಬೆಳಗ್ಗೆ ಬಿಸಿಲೇರುವ ಮುನ್ನ, ಬಟ್ಟಲಿನಷ್ಟು ಮಾತ್ರ ಕಲಸಬೇಕು.

ಖರ್ಚನ್ನು ಕೇಳುವವರಿದ್ದಾರೆ. ಹಲಗೆ, ಮರ, ಅಂಟು, ಗಾಜಿನ ಪಟ್ಟಿ, ಬಣ್ಣ, ಹಗ್ಗ, ಟಾರ್ಪಾಲು ಎಲ್ಲ ಸೇರಿ 21,000 ರೂಪಾಯಿ ಚಿಲ್ಲರೆ ಆಯಿತು. ನಾಲ್ವರಿಗೂ ಲೈಫ್ ಜಾಕೆಟ್ಟಿಗೆ ಬೇರೆ 7,000. ಮನೆಯವರೆಲ್ಲ ಎರಡು ದಿನ ಎಲ್ಲಿಗಾದರೂ ವಿಹಾರಕ್ಕೆ ಹೋಗಿ ಬಂದರೂ ಇದಕ್ಕೆ ಸಮೀಪದ ಹಣ ಬೇಕು. ಅಲ್ಲಿಂದ ಹಿಂದಿರುಗಿದಾಗ ಉಳಿಯುವುದು ಛಾಯಾಚಿತ್ರಗಳು ಮಾತ್ರ. ಎರಡು ತಿಂಗಳ ಭಾನುವಾರಗಳಲ್ಲಿ ಮಗಳು ಕೋನವನ್ನು ಅಳೆಯುವುದನ್ನೂ ಗರಗಸವನ್ನು ಎಳೆಯುವುದನ್ನೂ ಕಲಿತಳು. ಇದು ಲೆಕ್ಕದಲ್ಲಿ ಸೇರಿಲ್ಲ.

ದೋಣಿಯೇನೋ ಆಯಿತು, ನೀರೆಲ್ಲಿ? ಮನೆಯಿಂದ ಕೂಗಳತೆಯಲ್ಲಿರುವ ಕೆರೆಯ ವಿಚಾರವಾಗಿ ಸಂಬಂಧಪಟ್ಟವರನ್ನು ಕೇಳಿದೆವು. ಅನುಮತಿ ದೊರೆಯಲಿಲ್ಲ. ಅದಕ್ಕಾಗಿ ನಾವು ಅವರನ್ನು ದೂರುವುದಿಲ್ಲ. ಸುತ್ತಣ ಬಡಾವಣೆಗಳ ಕೊಳಚೆಯನ್ನು ವರ್ಷಗಟ್ಟಲೆ ಉಂಡ ನೀರಿನಲ್ಲಿ ಮಕ್ಕಳನ್ನು ಮುಳುಗಿಸಿ ಏಳಿಸುವ ಆಟ ಹೂಡುವುದು ನಮಗೂ ಸಮ್ಮತವಲ್ಲ. ಹಾಯಿ ಕಲಿಯುವವರು ಮುಳುಗದೆ ಕಲಿಯುವುದೂ ಇಲ್ಲ. ನಮ್ಮ ಮನೆಯವರ ತೌರೂರು ಮಾಗಡಿಯ ಆಚೆ. ಅಲ್ಲೊಂದು ಹದವಾದ ಕೆರೆ ಉಂಟು. ಪಂಚಾಯತಿಯವರನ್ನು ಕೇಳಿ, ಮೀನಿನ ಗುತ್ತಿಗೆ ಹಿಡಿದವರನ್ನೂ ಕೇಳಿದೆವು. ಎರಡನೆಯವರನ್ನು ಕೇಳುವುದೇ ಮುಖ್ಯ: ಬಲೆ ಎಲ್ಲೆಲ್ಲಿ ಕಟ್ಟಿದೆ, ಹೂಳು ಎಲ್ಲಿದೆ, ಆಳ ಎಲ್ಲಿದೆ ಎಂಬುದನ್ನೆಲ್ಲ ಬಲ್ಲವರು ಅವರು. ದೋಣಿಯನ್ನು ಒಮ್ಮೆ ಗೂಡ್ಸ್ ಆಟೋದಲ್ಲಿ ಸಾಗಿಸಿ, ಮಾವನವರ ದನದ ಕೊಟ್ಟಿಗೆಯಲ್ಲಿ ಬೋರಲು ಹಾಕಿದೆವು. ಅಲ್ಲಿಂದ ಕೆರೆಗೆ ಇಬ್ಬರು ಹೊತ್ತು ಒಯ್ಯಬಹುದು.

ಮೊದಲ ದಿನ ನಮ್ಮ ತಾಯಿಯವರೂ ಬಂದೇ ತೀರುತ್ತೇನೆಂದು ಹೊರಟರು. ಬರುವಾಗ ಬೀಗರ ಮನೆಯ ಬಾವಿಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಂದರು. ಅದರ ಒಂದು ತುದಿಯನ್ನು ದೋಣಿಗೆ ಕಟ್ಟಬೇಕು, ಇನ್ನೊಂದು ತುದಿ ತಮ್ಮ ಕೈಯಲ್ಲಿರಬೇಕು. ಇಲ್ಲದಿದ್ದರೆ ಮೊಮ್ಮಕ್ಕಳು ನೀರಿಗಿಳಿಯಕೂಡದು. ನಮ್ಮ ಮನೆಯವರು ನಮ್ಮ ಮುಖ ನೋಡಿದರು. ನಾವು ಹಗ್ಗ ಕಟ್ಟಿದೆವು. ಹಾಗೆ ನಮ್ಮ ಮೊದಲ ನೌಕಾಯಾನವು ಗೂಟಕ್ಕೆ ಕಟ್ಟಿದ ಕರುವಿನ ಮೇವಿನಂತೆ ನೂರಡಿಯ ಸುತ್ತಳತೆಯಲ್ಲಿ ನಡೆಯಿತು. ನಗುವ ಮಾತೇ, ಆದರೆ ಅರುವತ್ತು ವರ್ಷಗಳಿಂದ ಕೆರೆಯ ನೀರನ್ನು ಕಣ್ಣೆತ್ತಿ ನೋಡದಿದ್ದ ಒಬ್ಬರು ಅಂದು ಮೂರು ಗಂಟೆಗಳ ಕಾಲ ಏರಿಯ ಮೇಲೆ ಕುಳಿತು ನೀರನ್ನೇ ನೋಡುತ್ತಿದ್ದರು. ಇಬ್ಬರು ಮಕ್ಕಳನ್ನೂ ಸೊಂಟಮಟ್ಟದ ನೀರಿನಲ್ಲಿ ಬೇಕೆಂದೇ ದೋಣಿ ಮಗುಚಿ ಬೀಳಿಸಿದೆವು. ಬಿದ್ದವರು ದೋಣಿಯನ್ನು ಬಿಡದೆ ಹಿಡಿದುಕೊಳ್ಳಬೇಕು, ಪಕ್ಕದ ಹಲಗೆಯ ಮೇಲೆ ಭಾರ ಹಾಕಿ ದೋಣಿಯನ್ನು ಎತ್ತಿ ನಿಲ್ಲಿಸಬೇಕು, ಹತ್ತಿ ನೀರು ಮೊಗೆಯಬೇಕು. ಮೊದಲ ಸಾರಿ ಮಗ ಬಿದ್ದಾಗ ಏರಿಯ ಮೇಲಿನಿಂದ ಹಗ್ಗ ಜಗ್ಗಿತು. ನಾಲ್ಕನೆಯ ಸಾರಿಗೆ ಜಗ್ಗಲಿಲ್ಲ. ಇಬ್ಬರೂ ಇದನ್ನು ಹತ್ತು ಸಾರಿ ಮಾಡುವವರೆಗೆ ಹಾಯಿಯನ್ನು ಪೂರ್ತಿಯಾಗಿ ಬಿಚ್ಚಲಿಲ್ಲ.

ಮರುವಾರ ಹಗ್ಗ ಬಿಚ್ಚಿ ನಾವೂ ಮಗಳೂ ಹೊರಟೆವು. ಆಷಾಢದ ಪಡುವಣ ಗಾಳಿ ಹದವಾಗಿ ಬೀಸುತ್ತಿತ್ತು. ದೋಣಿ ಮುಂದೆ ಹೋಗುವ ಬದಲು ಅಡ್ಡಡ್ಡಲಾಗಿ ಜಾರುತ್ತ ಜಾರುತ್ತ ಆಚೆಯ ದಡದ ಜೊಂಡಿನಲ್ಲಿ ಹೋಗಿ ಸಿಕ್ಕಿಕೊಂಡಿತು. ಪುಸ್ತಕದಲ್ಲಿ ಓದಿದ ಸೂತ್ರಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೆವು. ಮೀನಿನವರೊಬ್ಬರು ಹರಿಗೋಲಿನಲ್ಲಿ ಬಂದು ಒಂದು ಸುತ್ತು ನೋಡಿ, “ಮೇಷ್ಟ್ರೇ, ಆ ಹಲಗೆ ಯಾಕೆ ಮೇಲಿಟ್ಟಿದೀರಿ? ಅದು ನೀರಿಗೆ ಇಳೀಬೇಕಲ್ವಾ?” ಎಂದರು. ಹಾಯಿದೋಣಿಯನ್ನು ಅವರು ಅದುವರೆಗೆ ಕಂಡವರಲ್ಲ. ತಮ್ಮ ಹರಿಗೋಲಿನಂತೆಯೇ ಇದೂ ಜಾರುತ್ತಿರುವುದನ್ನು ಕಂಡು ಊಹಿಸಿದ್ದರು. ಪಕ್ಕದ ಹಲಗೆಯನ್ನು ಇಳಿಸುವುದನ್ನೇ ನಾವು ಮರೆತಿದ್ದೆವು!

ಹಾಯಿಯ ಗುಟ್ಟೆಲ್ಲ ಆ ಹಲಗೆಯಲ್ಲಿದೆ. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನೀರಿನೊಳಗಣ ಹಲಗೆ ಪಕ್ಕಕ್ಕೆ ಹೋಗಗೊಡುವುದಿಲ್ಲ. ಎರಡು ಬೆರಳುಗಳ ನಡುವೆ ಒದ್ದೆಯ ಹುಣಿಸೆಬೀಜವನ್ನು ಒತ್ತಿದರೆ ಅದು ಮುಂದಕ್ಕೆ ಚಿಮ್ಮುವುದಷ್ಟೆ? ದೋಣಿಯೂ ಹಾಗೆ. ಇದರಿಂದ ಗಾಳಿ ಬರುವ ದಿಕ್ಕಿಗೂ ನಾವು ಹೋಗಬಹುದು; ನೆಟ್ಟಗೆ ಅಲ್ಲ, ಸುಮಾರು 45 ಅಂಶಗಳಷ್ಟು ಓರೆಯಾಗಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಬೆಟ್ಟದ ರಸ್ತೆ ತಿರುತಿರುಗಿ ಏರುವಂತೆ. ಹಿರಿಯರಿಗೆ ಇದನ್ನು ವಿವರಿಸುವುದು ಕಷ್ಟ, ಮಕ್ಕಳಿಗೆ ಸುಲಭ. ಆಷಾಢದಲ್ಲಿ ಗಾಳಿಪಟ ಹಾರಿಸಿದ ಯಾವ ಹುಡುಗನಿಗಾದರೂ ದಾರವನ್ನು ಎಷ್ಟು ಬಿಡಬೇಕು, ಯಾವಾಗ ಎಳೆಯಬೇಕು ಎಂಬುದು ಕೈಗೆ ಗೊತ್ತಿರುತ್ತದೆ. ಹಾಯಿಯ ಹಗ್ಗವೂ ಅದೇ ಮಾತನ್ನಾಡುತ್ತದೆ. ನಮ್ಮ ಭಾಷೆಯಲ್ಲಿ ಹಾಯಿಗೂ ‘ಪಟ’ ಎಂದೇ ಹೆಸರಿರುವುದು ಎಷ್ಟು ಸೊಗಸು! ಮಗ ಎರಡು ವಾರಗಳಲ್ಲಿ ಕಲಿತುದನ್ನು ನಾವು ಎರಡು ತಿಂಗಳಿಗೆ ಕಲಿತೆವು. ದೋಣಿಯಲ್ಲಿ ಅವನು ಚುಕ್ಕಾಣಿ ಹಿಡಿದಾಗ ನಾವು ಅವನ ಮಾತು ಕೇಳಿ ತಲೆ ತಗ್ಗಿಸಬೇಕು. ತಗ್ಗಿಸದಿದ್ದರೆ ಹಾಯಿಯ ಕೆಳಗಣ ಬಿದಿರು ಬುದ್ಧಿ ಕಲಿಸುತ್ತದೆ. ಮನೆಯಲ್ಲಿ ದಿನವೆಲ್ಲ ಅಪ್ಪಣೆಗಳನ್ನೇ ಕೇಳುವ ಮಗುವಿಗೆ ಇದರಿಂದಾಗುವ ಸಂತೋಷವನ್ನು ನೋಡಿಯೇ ತಿಳಿಯಬೇಕು.

ಭಯಕ್ಕೆ ಇಲ್ಲಿ ಎಡೆಯೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಈಜು ಬಾರದ ಮಗುವನ್ನು ದೋಣಿ ಹತ್ತಿಸಬಾರದು. ಈಜು ಬಂದರೂ ಲೈಫ್ ಜಾಕೆಟ್ಟು ಇಲ್ಲದೆ ಹತ್ತಿಸಬಾರದು. ಅದು ಮಗುವಿನ ತೂಕಕ್ಕೆ ಸರಿಯಾದದ್ದಾಗಿರಬೇಕು. ದೊಡ್ಡವರದನ್ನು ತೊಡಿಸಿದರೆ ನೀರಿನಲ್ಲಿ ತಲೆಯ ಮೇಲಿಂದ ಜಾರಿಹೋಗುತ್ತದೆ. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಗುಡುಗಿನೊಡನೆ ಬರುವ ಗಾಳಿಗೆ ಲೆಕ್ಕವಿಲ್ಲ. ಪಡುವಣ ಬಾನು ಕಪ್ಪಾದರೆ ದಡಕ್ಕೆ ಬರಬೇಕು. ಮಳೆಗಾಲದ ಗಾಳಿ ನಂಬತಕ್ಕದ್ದು, ಆದರೆ ಅಲೆಗಳ ತಲೆ ಬೆಳ್ಳಗೆ ನೊರೆಗಟ್ಟಿದ ದಿನ ಅದೂ ಮಕ್ಕಳಿಗಲ್ಲ. ಕೆರೆ ತುಂಬಿ ಹರಿಯುವಾಗ ಕೋಡಿಯ ಕಡೆಗೂ, ಯಾವಾಗಲೂ ತೂಬಿನ ಕಡೆಗೂ ಹೋಗಬಾರದು. ಕೆರೆಯಂಗಳದ ಮೇಲೆ ವಿದ್ಯುತ್ತಿನ ತಂತಿ ಹಾದಿದ್ದರೆ ಅಲ್ಲಿ ಹಾಯಿಗಂಬ ನಿಲ್ಲಿಸಲೇಕೂಡದು. ಒದ್ದೆಯಾದ ಬಿದಿರು ಪ್ರಾಣ ತೆಗೆಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇಸಗೆಯಲ್ಲಿ ನೀರಿಳಿದಾಗ ಒಮ್ಮೆ ಕೆರೆಯಂಗಳವನ್ನೆಲ್ಲ ನಡೆದು ನೋಡಬೇಕು. ಮಣ್ಣು ತೆಗೆದ ಗುಂಡಿಗಳು ಎಲ್ಲಿವೆಯೆಂಬುದು ಆಗ ತಿಳಿಯುತ್ತದೆ. ನೀರು ತುಂಬಿದ ಮೇಲೆ ಮೇಲಿನಿಂದ ಎಲ್ಲವೂ ಒಂದೇ ಸಮ. ನಮ್ಮ ಸೋದರಮಾವನನ್ನು ಕೊಂದದ್ದು ನೀರಲ್ಲ, ಅಂಥ ಗುಂಡಿ. ಈ ಮಾತನ್ನು ನಾವು ಹೇಳಿದ್ದಲ್ಲ. ಕಳೆದ ಬೇಸಗೆಯಲ್ಲಿ ಮೊಮ್ಮಕ್ಕಳೊಡನೆ ಒಣಗಿದ ಕೆರೆಯಂಗಳದಲ್ಲಿ ನಡೆಯುತ್ತ, ಗುಂಡಿಗಳ ಗುರುತಿಗೆ ಕಡ್ಡಿ ನೆಡಿಸುತ್ತ, ನಮ್ಮ ತಾಯಿಯವರು ಹೇಳಿದ್ದು.

ಮಲ್ಲತ್ತಹಳ್ಳಿಯ ದಂಡೆಯಲ್ಲಿ ನಮ್ಮ ಸಂಜೆಯ ನಡಿಗೆ ಈಗಲೂ ತಪ್ಪಿಲ್ಲ. ಮಕ್ಕಳು ಕೆರೆಯನ್ನು ನೋಡುವ ರೀತಿ ಮಾತ್ರ ಬದಲಾಗಿದೆ. ಗಾಳಿ ಯಾವ ಮೂಲೆಯಿಂದ, ಎಲ್ಲಿ ನೀರು ಸುಕ್ಕುಗಟ್ಟಿದೆ, ಇಲ್ಲಿಂದ ಆ ದಡಕ್ಕೆ ಎಷ್ಟು ತಿರುವಿನಲ್ಲಿ ಹೋಗಬಹುದು ಎಂದು ಚರ್ಚಿಸುತ್ತಾರೆ. ಅದರೊಡನೆ, ಈ ಮೂಲೆಯಲ್ಲಿ ವಾಸನೆ ಏಕೆ, ಆ ಮೋರಿ ಎಲ್ಲಿಂದ ಬರುತ್ತದೆ ಎಂದೂ ಕೇಳುತ್ತಾರೆ. ಒಂದು ಭಾನುವಾರ ಆ ಮೋರಿಯ ಜಾಡು ಹಿಡಿದು ಮೇಲಕ್ಕೆ ನಡೆದುಕೊಂಡು ಹೋದೆವು. ನಮ್ಮದೇ ಬೀದಿಗೆ ಬಂದು ತಲಪಿದೆವು. ಇಲ್ಲಿನ ನೀರು ವೃಷಭಾವತಿಯ ಕಣಿವೆಯದು. ವೃಷಭಾವತಿ ಅರ್ಕಾವತಿಗೂ ಅರ್ಕಾವತಿ ಕಾವೇರಿಗೂ ಸೇರುತ್ತದೆ. ಮಗಳು ಈ ಸಂಗತಿಯನ್ನು ನಕ್ಷೆಯಾಗಿ ಬರೆದು ಬೀದಿಯ ನಿವಾಸಿಗಳ ಸಭೆಯಲ್ಲಿ ತೂಗುಹಾಕಿದಳು. ಇಬ್ಬರು ಹಿರಿಯರು ನಿಂತು ಓದಿದರು. ಉಳಿದವರು ವಾಹನ ನಿಲ್ಲಿಸುವ ಜಾಗದ ವಿಚಾರವಾಗಿ ಜಗಳವಾಡುತ್ತಿದ್ದರು.

ಇಂಥ ದೋಣಿಯನ್ನು ಕಟ್ಟಲು ಬಯಸುವವರು ಫಾಲ್ಗುಣದಲ್ಲಿ ಹಲಗೆ ಕೊಂಡರೆ ಆಷಾಢದ ಗಾಳಿಗೆ ಸಿದ್ಧರಾಗಿರಬಹುದು. ಈಜು ಬಾರದವರು ಹಲಗೆ ಕೊಳ್ಳುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿ ಮೊದಲು ಅದನ್ನು ಕಲಿಯಲಿ. ಪಕ್ಕದ ಹಲಗೆಗಳನ್ನು ಕೊಯ್ಯುವಾಗ ಕಾಗದದ ಮೇಲೆ ನಾವು ಬರೆದುಕೊಂಡ ಅಳತೆಯ ಹಾಳೆಗಳನ್ನು ಸುತ್ತಿ ಇಟ್ಟಿದ್ದೇವೆ. ಕಳೆದ ವರ್ಷ ನಮ್ಮ ಕಾಲೇಜಿನ ಸಹೋದ್ಯೋಗಿಗಳೊಬ್ಬರು ಅವನ್ನು ಒಯ್ದು ತಮ್ಮ ದೋಣಿಯನ್ನು ಕಟ್ಟಿಕೊಂಡರು. ಅದು ನಮ್ಮದಕ್ಕಿಂತ ವೇಗವಾಗಿ ಹೋಗುತ್ತದೆ. ಬಾವಿಯ ಹಗ್ಗವನ್ನು ಬೀಗರಿಗೆ ಹಿಂದಕ್ಕೆ ಕೊಟ್ಟಾಯಿತು.